ಇಪ್ಪತ್ತು ನಿಮಿಷಕ್ಕೆ ಆರಿಹೋಗುವ ಪ್ರೊಜೆಕ್ಟರ್: ಬಲ್ಬ್ ಬದಲಿಸಲೇಬೇಕೇ?

ತೀರ್ಥಹಳ್ಳಿ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಹಳೆಯ ವಿದ್ಯಾರ್ಥಿಗಳು ಚಂದಾ ಎತ್ತಿ ಶಾಲೆಗೊಂದು ಪ್ರೊಜೆಕ್ಟರ್ ಕೊಡಿಸಿದ್ದಾರೆ. ಮೂರು ಎಲ್‌ಸಿಡಿ ಮಾದರಿಯದು, ಬೆಳಕಿನ ಪ್ರಮಾಣ 3300 ಲುಮೆನ್, 1024×768 ರೆಸಲ್ಯೂಷನ್. ಹೃದಯದ ಕವಾಟಗಳು ತೆರೆದು ಮುಚ್ಚುವುದನ್ನು ಹತ್ತನೆಯ ತರಗತಿಯ ಮಕ್ಕಳು ಗೋಡೆಯ ಮೇಲೆ ನೋಡಿದ ದಿನ ಪಾಠ ಮುಗಿದರೂ ಎದ್ದು ಹೋಗಲಿಲ್ಲ. ಅಂಥ ಯಂತ್ರ ಈಗ ಕೈಕೊಡುತ್ತಿದೆ.

ಹಾಕಿದ ಸುಮಾರು ಇಪ್ಪತ್ತು ನಿಮಿಷಕ್ಕೆ ತಾನೇ ಆರಿಹೋಗುತ್ತದೆ, ಮೇಲ್ಭಾಗದಲ್ಲಿ ಕಿತ್ತಳೆ ಬಣ್ಣದ ದೀಪವೊಂದು ಮಿನುಗುತ್ತದೆ. ಚಿತ್ರ ಮಂಕಾಗಿದೆ. ಎಡಗಡೆ ಮೇಲಿನ ಮೂಲೆಯಲ್ಲಿ ಹಳದಿ ಕಲೆ ಇದೆ. ಕೆಲವೊಮ್ಮೆ ಲ್ಯಾಪ್‌ಟಾಪ್ ಜೋಡಿಸಿದರೂ ‘ನೋ ಸಿಗ್ನಲ್’ ಎಂದು ಬರುತ್ತದೆ. ಕೇಬಲ್ ಸಿಕ್ಕಿಸುವಾಗ ಬೆರಳಿಗೆ ಜುಮ್ಮೆನ್ನುವುದೂ ಉಂಟು. ಪೇಟೆಯ ಅಂಗಡಿಯವರು ಫೋನಿನಲ್ಲೇ ಕೇಳಿಸಿಕೊಂಡು, ಬಲ್ಬ್ ಹೋಗಿದೆ, ಹೊಸದಕ್ಕೆ ಹತ್ತು ಸಾವಿರಕ್ಕೂ ಹೆಚ್ಚಾಗುತ್ತದೆ ಎಂದರು. ಮೆನುವಿನಲ್ಲಿ ನೋಡಿದರೆ ಲ್ಯಾಂಪ್ 1900 ಗಂಟೆ ಉರಿದಿದೆ ಎಂದಿದೆ. ಮತ್ತೆ ಚಂದಾ ಎತ್ತುವ ಮೊದಲು ತಿಳಿದವರ ಮಾತು ಕೇಳಬೇಕೆನಿಸಿತು.

ಹಾಸನದ ರಿಪೇರಿಯವನು

ಮೇಡಂ, ಬಲ್ಬಿಗೆ ಈಗಲೇ ದುಡ್ಡು ಕೊಡಬೇಡಿ. ಮೊದಲು ಕೆಲವು ವಿಷಯ ನೋಡಿ ತಿಳಿಸಿ.

ಮಿನುಗುವ ದೀಪದ ಪಕ್ಕ ‘ಲ್ಯಾಂಪ್’ ಎಂದು ಬರೆದಿದೆಯೋ ‘ಟೆಂಪ್’ (ಉಷ್ಣಾಂಶ) ಎಂದೋ? ಆರುವ ಮುನ್ನ ಫ್ಯಾನಿನ ಸದ್ದು ಏರುತ್ತದೆಯೋ? ಆರಿದ ಮೇಲೆ ಐದು ನಿಮಿಷ ಬಿಟ್ಟು ಮತ್ತೆ ಹಾಕಿದರೆ ಪುನಃ ಇಪ್ಪತ್ತು ನಿಮಿಷ ಓಡುತ್ತದೆಯೋ, ಅದಕ್ಕಿಂತ ಬೇಗ ನಿಲ್ಲುತ್ತದೆಯೋ? ಕೊನೆಯ ಪ್ರಶ್ನೆಯೇ ಮುಖ್ಯ. ಶಾಖದಿಂದ ಆರುವ ಯಂತ್ರ ಬೆಳಿಗ್ಗೆ ತಣ್ಣಗಿದ್ದಾಗ ಹೆಚ್ಚು ಹೊತ್ತು ಓಡುತ್ತದೆ, ಬಿಸಿ ಆರದೆ ಮತ್ತೆ ಹಾಕಿದರೆ ನಾಲ್ಕೈದು ನಿಮಿಷಕ್ಕೇ ನಿಲ್ಲುತ್ತದೆ. ಸೋತ ಬಲ್ಬಿಗೆ ಈ ಲೆಕ್ಕ ಇರುವುದಿಲ್ಲ. ಅದು ಮಿನುಗುತ್ತದೆ, ಹಾಕುವಾಗಲೇ ಹೊತ್ತಿಕೊಳ್ಳದೆ ಸತಾಯಿಸುತ್ತದೆ, ಇಲ್ಲವೇ ಹೊತ್ತುಗೊತ್ತಿಲ್ಲದೆ ಆರುತ್ತದೆ.

ಯಂತ್ರವನ್ನು ಎಲ್ಲಿ, ಹೇಗೆ ಇಟ್ಟಿದ್ದೀರಿ ಎಂಬುದನ್ನೂ ಬರೆಯಿರಿ.

ತೀರ್ಥಹಳ್ಳಿ ಟೀಚರ್

ನೋಡಿದೆ ಸರ್. ದೀಪ ‘ಟೆಂಪ್’ನದು. ಫ್ಯಾನ್ ಜೋರಾಗಿ ಕೂಗಿ ನಂತರ ಆರುತ್ತದೆ. ಎರಡನೆಯ ಸಲ ಹಾಕಿದಾಗ ಹಾಜರಿ ಕೂಗಿ ಮುಗಿಸುವಷ್ಟರಲ್ಲಿ ನಿಂತುಬಿಟ್ಟಿತು.

ಕಳ್ಳತನದ ಭಯಕ್ಕೆ ನಮ್ಮ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯವರು ಬಡಗಿಯಿಂದ ಹಲಸಿನ ಹಲಗೆಯ ಪೆಟ್ಟಿಗೆ ಮಾಡಿಸಿದ್ದಾರೆ. ಬೀಗ ಹಾಕುವ ಬಾಗಿಲು, ಲೆನ್ಸಿಗೆ ಮುಂದೊಂದು ಕಿಂಡಿ, ತಂತಿಗಳಿಗೆ ಹಿಂದೊಂದು ತೂತು. ಯಂತ್ರ ಅದರೊಳಗೇ ಇರುತ್ತದೆ. ಪೆಟ್ಟಿಗೆ ಇರುವುದು ಕಪ್ಪುಹಲಗೆಯ ಎದುರು, ಮೊದಲ ಎರಡು ಬೆಂಚುಗಳ ನಡುವಿನ ಮೇಜಿನ ಮೇಲೆ.

ಹಾಸನದ ರಿಪೇರಿಯವನು

ಕಾರಣ ಸಿಕ್ಕಿತು. ಬಡಗಿಯ ಕೆಲಸ ಗಟ್ಟಿಯಾಗಿಯೇ ಇದ್ದೀತು, ಆದರೆ ಉಸಿರಾಡಲು ಜಾಗ ಉಳಿದಿಲ್ಲ.

ನಿಮ್ಮಂಥ ಯಂತ್ರದ ಬಲ್ಬ್ 200 ವ್ಯಾಟಿನ ಆಸುಪಾಸಿನದು. ಆ 200 ವ್ಯಾಟಿನ ಬಹುಪಾಲು ಬಿಸಿಯಾಗಿಯೇ ಹೊರಬೀಳಬೇಕು. ಫ್ಯಾನ್ ಒಂದು ಕಡೆಯಿಂದ ತಣ್ಣನೆಯ ಗಾಳಿ ಎಳೆದು ಇನ್ನೊಂದು ಕಡೆಯಿಂದ ಬಿಸಿಗಾಳಿ ಉಗುಳುತ್ತದೆ. ಪೆಟ್ಟಿಗೆಯೊಳಗೆ ಉಗುಳಿದ ಗಾಳಿಗೆ ಹೋಗಲು ದಾರಿಯಿಲ್ಲ. ಅದನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಒಳಗಿನ ಸೆನ್ಸರ್ ತಡೆದು ನೋಡಿ, ಕೊನೆಗೆ ಬಲ್ಬನ್ನು ಉಳಿಸುವುದಕ್ಕಾಗಿ ಆರಿಸುತ್ತದೆ. ಯಂತ್ರ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ, ಅಷ್ಟೇ.

ಪೆಟ್ಟಿಗೆಯ ಬದಿಗಳನ್ನು ಕೊಯ್ಸಿ. ಬಿಸಿಗಾಳಿ ಯಾವ ಕಡೆ ಬರುತ್ತದೆ ಎಂದು ಅಂಗೈ ಒಡ್ಡಿ ನೋಡಿ, ಆ ಬದಿಯ ಹಲಗೆಯನ್ನು ಪೂರ್ತಿ ತೆಗೆಸಿ ಕಬ್ಬಿಣದ ದೊಡ್ಡ ಕಣ್ಣಿನ ಜಾಲರಿ ಹಾಕಿಸಿ. ಗಾಳಿ ಎಳೆಯುವ ಬದಿಗೂ ಹಾಗೆಯೇ. ಸಾಧ್ಯವಾದರೆ ಪಾಠದ ಹೊತ್ತಿನಲ್ಲಿ ಯಂತ್ರವನ್ನು ಹೊರಗೇ ಇಡಿ. ಗಾಳಿಕಿಂಡಿಗಳ ಮುಂದೆ ಒಂದು ಅಡಿ ಖಾಲಿ ಇರಲಿ, ಪುಸ್ತಕವೂ ಬೇಡ.

ಇನ್ನು ಫಿಲ್ಟರ್. ಕಪ್ಪುಹಲಗೆಯ ಎದುರಿಗೇ ಇಟ್ಟಿದ್ದೀರಿ ಎಂದಮೇಲೆ ಒಳಗಿನ ಸ್ಥಿತಿಯನ್ನು ನೋಡದೆಯೇ ಹೇಳಬಲ್ಲೆ. ಶಾಲೆಗಳಿಂದ ಬರುವ ಯಂತ್ರಗಳ ಫಿಲ್ಟರ್ ಬಿಚ್ಚಿದರೆ ಸೀಮೆಸುಣ್ಣದ ಪುಡಿ ಕಂಬಳಿಯಂತೆ ಕುಳಿತಿರುತ್ತದೆ. ಮನೆಯ ಧೂಳಿನಲ್ಲಿ ನಾರು, ಕೂದಲು ಇರುವುದರಿಂದ ಅದು ಎಳೆ ಎಳೆಯಾಗಿ ಬಿಡುತ್ತದೆ. ಸೀಮೆಸುಣ್ಣ ಹಾಗಲ್ಲ. ನಿಮ್ಮೂರಿನ ಮಳೆಗಾಲದ ತೇವ ಸೇರಿದರೆ ಗಾರೆಯ ಹಾಗೆ ಗಟ್ಟಿಯಾಗುತ್ತದೆ, ಎದುರಿಗೆ ಹಿಡಿದರೆ ಬೆಳಕು ಕೂಡ ಆಚೆ ದಾಟುವುದಿಲ್ಲ.

ಬಿಚ್ಚುವ ಕ್ರಮ ಹೀಗಿದೆ. ಪವರ್ ಗುಂಡಿ ಒತ್ತಿ ಆರಿಸಿ, ಫ್ಯಾನ್ ತಾನಾಗಿ ನಿಲ್ಲುವವರೆಗೆ ಕಾಯಿರಿ, ಆಮೇಲೆ ಪ್ಲಗ್ ಕೀಳಿ. ಇನ್ನೂ ಅರ್ಧ ಗಂಟೆ ಬಿಡಿ. ಬದಿಯಲ್ಲೋ ಹಿಂದೆಯೋ ಜಾರುವ ಮುಚ್ಚಳವಿರುತ್ತದೆ, ಅದರ ಒಳಗೆ ಚೌಕಟ್ಟಿನಲ್ಲಿ ಕೂರಿಸಿದ ಫಿಲ್ಟರ್. ಅಂಗಳಕ್ಕೆ ತೆಗೆದುಕೊಂಡು ಹೋಗಿ, ಮುಖ ಕೆಳಗೆ ಮಾಡಿ ಮೆಲ್ಲಗೆ ತಟ್ಟಿ. ಮೆತ್ತನೆಯ ಬ್ರಷ್‌ನಿಂದ ಒಂದೇ ದಿಕ್ಕಿಗೆ ಎಳೆಯಿರಿ. ಊದುವುದಾದರೆ ಒಳಮುಖದಿಂದ ಹೊರಮುಖಕ್ಕೆ ಊದಬೇಕು, ಇಲ್ಲದಿದ್ದರೆ ಪುಡಿ ಇನ್ನೂ ಒಳಕ್ಕೆ ಹೋಗುತ್ತದೆ. ಕೈಪಿಡಿಯಲ್ಲಿ ತೊಳೆಯಬಹುದು ಎಂದು ಇಲ್ಲದಿದ್ದರೆ ನೀರು ತಾಕಿಸಬೇಡಿ. ಮಡಿಕೆ ಮಡಿಕೆಯಾಗಿರುವ ಫಿಲ್ಟರಿನ ನಾರಿನಲ್ಲಿ ಧೂಳು ಹಿಡಿಯುವ ಸ್ಥಿರವಿದ್ಯುತ್ ಇರುತ್ತದೆ, ತೊಳೆದರೆ ಅದು ಹೋಗುತ್ತದೆ. ನಾರು ಹರಿದಿದ್ದರೆ ಹೊಸದನ್ನು ತನ್ನಿ, ಬಲ್ಬಿನ ಬೆಲೆಯ ಮುಂದೆ ಅದು ಏನೂ ಅಲ್ಲ. ಫಿಲ್ಟರ್ ಇಲ್ಲದೆ ಯಂತ್ರವನ್ನು ಒಂದು ಪಾಠಕ್ಕೂ ಓಡಿಸಬೇಡಿ.

ಬ್ಲೋವರ್ ಇದ್ದವರು ಗಾಳಿಕಿಂಡಿಯ ಮೂಲಕ ನೇರವಾಗಿ ಊದಿ ಫ್ಯಾನನ್ನು ಗಿರಗಿರನೆ ತಿರುಗಿಸುತ್ತಾರೆ. ಅದು ಬೇಡ. ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಹಳೆಯ ಟಾಕೀಸಿನವರು

ಈ ಚರ್ಚೆ ಓದಿ ಬರೆಯಬೇಕೆನಿಸಿತು. ದಾವಣಗೆರೆ ಕಡೆಯ ಚಿತ್ರಮಂದಿರಗಳ ಪ್ರೊಜೆಕ್ಟರ್ ಕೋಣೆಯಲ್ಲಿ ನನ್ನ ಆಯುಸ್ಸಿನ ಹೆಚ್ಚಿನ ಭಾಗ ಕಳೆದಿದೆ. ಇಂಗಾಲದ ಕಡ್ಡಿ ಉರಿಸುವ ಕಾಲದಲ್ಲಿ ಪ್ರತಿ ಯಂತ್ರದ ತಲೆಯಿಂದ ಚಾವಣಿಗೆ ತಗಡಿನ ಕೊಳವೆ ಇರುತ್ತಿತ್ತು. ಹೊಗೆ, ಬಿಸಿ ಎರಡೂ ಅಲ್ಲಿಂದಲೇ ಹೋಗಬೇಕು. ಝೆನಾನ್ ಲ್ಯಾಂಪ್ ಬಂದ ಮೇಲೆ ಹೊಗೆ ನಿಂತಿತು, ಕೊಳವೆ ಉಳಿಯಿತು. ಆಟ ಮುಗಿದು ಲ್ಯಾಂಪ್ ಆರಿಸಿದ ಮೇಲೂ ಬ್ಲೋವರ್ ಓಡುತ್ತಲೇ ಇರಬೇಕೆಂಬುದು ಕೋಣೆಯ ಮೊದಲ ನಿಯಮ. ಡಿಜಿಟಲ್ ಯಂತ್ರಗಳು ಬಂದಾಗ ರೀಲು ಸುತ್ತುವ ಕೆಲಸ ಹೋಯಿತು, ಗಾಳಿ ನೋಡಿಕೊಳ್ಳುವ ಕೆಲಸ ಹೋಗಲಿಲ್ಲ.

ಶಾಲೆಯ ಪುಟ್ಟ ಯಂತ್ರಕ್ಕೂ ಇದೇ ಅನ್ವಯಿಸುತ್ತದೆ. ಗಂಟೆ ಹೊಡೆದ ಕೂಡಲೇ ಗೋಡೆಯ ಸ್ವಿಚ್ ಆರಿಸಿ ಓಡುವವರನ್ನು ಕಂಡಿದ್ದೇನೆ. ಮಕ್ಕಳಿಗೆ ಆ ಕೆಲಸ ವಹಿಸುವುದಾದರೆ ಫ್ಯಾನ್ ನಿಂತ ಮೇಲೆಯೇ ಸ್ವಿಚ್ ಎಂದು ಮೊದಲ ದಿನವೇ ಕಲಿಸಿ, ಟೀಚರ್.

ಗೋಡೆಯ ಬಗ್ಗೆಯೂ ಒಂದು ಮಾತು. ಆಯಿಲ್ ಪೇಂಟ್ ಬಳಿದ ಹೊಳಪಿನ ಗೋಡೆಯಾದರೆ ನಡುವೆ ಕಣ್ಣು ಕುಕ್ಕುವ ಮಚ್ಚೆ, ಅಂಚಿನಲ್ಲಿ ಮಬ್ಬು. ಹೊಳಪಿಲ್ಲದ ಬಿಳಿ ಬಣ್ಣ ಎರಡು ಕೋಟ್ ಬಳಿಸಿ, ಸುತ್ತ ನಾಲ್ಕು ಬೆರಳು ಅಗಲದ ಕಪ್ಪು ಪಟ್ಟಿ ಎಳೆಸಿ. ಚಿತ್ರಮಂದಿರದ ಪರದೆಯ ಸುತ್ತ ಕಪ್ಪು ಬಟ್ಟೆ ಇರುವುದು ಅಲಂಕಾರಕ್ಕಲ್ಲ. ಅಂಚು ಕಪ್ಪಾದರೆ ಕಣ್ಣಿಗೆ ಚಿತ್ರ ಹೆಚ್ಚು ಬೆಳಗಿದಂತೆ ತೋರುತ್ತದೆ.

ಧಾರವಾಡದ ಭೌತಶಾಸ್ತ್ರ ಉಪನ್ಯಾಸಕ

ಮೇಡಂ, ಚಿತ್ರ ಮಂಕು ಎಂದಿರಿ. ಗೋಡೆಯ ಮೇಲೆ ಚಿತ್ರದ ಅಳತೆ ಎಷ್ಟು? ಕಿಟಕಿಗೆ ಪರದೆ ಇದೆಯೇ? ಕೊನೆಯ ಬೆಂಚು ಎಷ್ಟು ದೂರದಲ್ಲಿದೆ?

ತೀರ್ಥಹಳ್ಳಿ ಟೀಚರ್

ಚಿತ್ರ ಎಂಟು ಅಡಿ ಅಗಲ, ಆರು ಅಡಿ ಎತ್ತರ. ಪರದೆ ಇಲ್ಲ. ಬಲಗಡೆ ಮೂರು ದೊಡ್ಡ ಕಿಟಕಿಗಳಿವೆ. ಕೊನೆಯ ಬೆಂಚು ಗೋಡೆಯಿಂದ ಇಪ್ಪತ್ತೈದು ಅಡಿ.

ಧಾರವಾಡದ ಭೌತಶಾಸ್ತ್ರ ಉಪನ್ಯಾಸಕ

ಹಾಗಾದರೆ ಲೆಕ್ಕ ಹಾಕೋಣ, ಇದನ್ನು ಮಕ್ಕಳಿಗೂ ಮಾಡಿಸಬಹುದು.

2.4 ಮೀಟರ್ ಅಗಲ, 1.8 ಮೀಟರ್ ಎತ್ತರ ಎಂದರೆ 4.3 ಚದರ ಮೀಟರ್. ಹೊಸ ಯಂತ್ರದ 3300 ಲುಮೆನ್ ಅಷ್ಟು ಜಾಗದಲ್ಲಿ ಹರಡಿದರೆ ಪ್ರತಿ ಚದರ ಮೀಟರಿಗೆ ಸುಮಾರು 760 ಲುಮೆನ್, ಅಂದರೆ 760 ಲಕ್ಸ್. ಬಲ್ಬ್ ಹಳೆಯದಾಗುತ್ತ ಬೆಳಕು ಇಳಿಯುತ್ತದೆ. ಡಬ್ಬದ ಮೇಲೆ ಬರೆಯುವ ‘ಲ್ಯಾಂಪ್ ಆಯುಸ್ಸು’ ಸಾಮಾನ್ಯವಾಗಿ ಬೆಳಕು ಅರ್ಧಕ್ಕೆ ಇಳಿಯುವ ಕಾಲ. ಅರ್ಧವೇ ಉಳಿದಿದೆ ಎಂದಿಟ್ಟುಕೊಂಡರೆ 380 ಲಕ್ಸ್.

ಪ್ರೊಜೆಕ್ಟರಿಗೆ ಕಪ್ಪನ್ನು ಚೆಲ್ಲಲು ಬರುವುದಿಲ್ಲ. ಚಿತ್ರದಲ್ಲಿ ಕಪ್ಪಾಗಿ ಕಾಣಬೇಕಾದ ಜಾಗ ಎಂದರೆ ಕೋಣೆಯ ಬೆಳಕು ಬಿದ್ದ ಗೋಡೆಯೇ. ಕಿಟಕಿಯಿಂದ ಗೋಡೆಗೆ 300 ಲಕ್ಸ್ ಬೀಳುತ್ತಿದ್ದರೆ ನಿಮ್ಮ ಕಪ್ಪು 300, ಬಿಳಿ 680. ಬಿಳಿ ಕಪ್ಪಿನ ಎರಡೂಕಾಲು ಪಟ್ಟು ಮಾತ್ರ. ತಿಳಿ ಹಳದಿಯ ನರತಂತು, ತಿಳಿ ಗುಲಾಬಿಯ ಸ್ನಾಯು ಎರಡೂ ಒಂದೇ ಬೂದುಬಣ್ಣವಾಗುವುದು ಅದಕ್ಕೇ. ಕಿಟಕಿ ಮುಚ್ಚಿ ಗೋಡೆಯ ಬೆಳಕನ್ನು 20 ಲಕ್ಸಿಗೆ ಇಳಿಸಿದರೆ ಅದೇ ಸೋತ ಬಲ್ಬಿನಿಂದ ಇಪ್ಪತ್ತು ಪಟ್ಟು ಸಿಗುತ್ತದೆ. ಕಿಟಕಿ ತೆರೆದೇ ಹೊಸ ಬಲ್ಬ್ ಹಾಕಿದರೆ? 1060ಕ್ಕೆ 300, ಅಂದರೆ ಮೂರೂವರೆ ಪಟ್ಟು. ಬಲ್ಬಿನ ಕಾಸಿಗಿಂತ ಪರದೆಯ ಬಟ್ಟೆಯ ಕಾಸು ಎಷ್ಟೋ ಹೆಚ್ಚು ಕೆಲಸ ಮಾಡುತ್ತದೆ.

ಚಿತ್ರವನ್ನೂ ಕುಗ್ಗಿಸಿ. ಓದುವ ಅಕ್ಷರಗಳಿದ್ದಾಗ ಕೊನೆಯ ನೋಡುಗ ಚಿತ್ರದ ಎತ್ತರದ ಆರು ಪಟ್ಟಿಗಿಂತ ದೂರ ಇರಬಾರದು ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಲೆಕ್ಕ. ನಿಮ್ಮ ಕೊನೆಯ ಬೆಂಚು 7.6 ಮೀಟರ್. 1.35 ಮೀಟರ್ ಎತ್ತರ, 1.8 ಮೀಟರ್ ಅಗಲದ ಚಿತ್ರ 8.1 ಮೀಟರ್‌ವರೆಗೆ ಸಾಲುತ್ತದೆ. ಆಗ ಅದೇ ಹಳೆಯ ಬಲ್ಬ್ 680 ಲಕ್ಸ್ ಕೊಡುತ್ತದೆ. ಎಂಟು ಅಡಿಯ ಬದಲು ಆರು ಅಡಿ ಮಾಡಿ ನೋಡಿ.

ಬೆಳಗಾವಿಯ ಓದುಗ

ಇಷ್ಟೆಲ್ಲ ಒದ್ದಾಡುವ ಬದಲು ಇದನ್ನು ಮಾರಿ 55 ಇಂಚಿನ ಟಿವಿ ತಂದರೆ ಆಗುವುದಿಲ್ಲವೇ? ಕತ್ತಲೆ ಬೇಡ, ಬಲ್ಬ್ ಬೇಡ, ಫಿಲ್ಟರ್ ಬೇಡ.

ಧಾರವಾಡದ ಭೌತಶಾಸ್ತ್ರ ಉಪನ್ಯಾಸಕ

ಮೇಲಿನ ಲೆಕ್ಕವನ್ನೇ ಹಾಕಿ. 55 ಇಂಚಿನ ಟಿವಿಯ ಎತ್ತರ ಸುಮಾರು 68 ಸೆಂಟಿಮೀಟರ್. ಆರು ಪಟ್ಟು ಎಂದರೆ ನಾಲ್ಕು ಮೀಟರ್ ಚಿಲ್ಲರೆ. ಅರ್ಧ ತರಗತಿಗೆ ಚೆನ್ನಾಗಿ ಕಾಣುತ್ತದೆ, ಹಿಂದಿನ ಬೆಂಚಿನವರು ಚಿತ್ರ ನೋಡುತ್ತಾರೆ, ಅಕ್ಷರ ಓದಲಾರರು. ಹದಿನೈದು ಮಕ್ಕಳ ಕೊಠಡಿಯಾದರೆ ನಿಮ್ಮ ಮಾತು ಒಪ್ಪುತ್ತೇನೆ.

ಬೆಂಗಳೂರಿನ ಸಿಸ್ಟಂ ಆಡಳಿತಗಾರ

‘ನೋ ಸಿಗ್ನಲ್’ ಬಗ್ಗೆ ಯಾರೂ ಬರೆಯಲಿಲ್ಲ. ನಮ್ಮ ಕಚೇರಿಯ ಸಭಾಕೊಠಡಿಗಳಿಂದ ನನಗೆ ಬರುವ ಕರೆಗಳಲ್ಲಿ ಇದೇ ಹೆಚ್ಚು.

ಮೊದಲು ರಿಮೋಟಿನ ಸೋರ್ಸ್ ಗುಂಡಿ ಒತ್ತಿ, ಕೇಬಲ್ ಯಾವ ರಂಧ್ರದಲ್ಲಿದೆಯೋ ಅದನ್ನೇ ಆರಿಸಿ. ಎಚ್‌ಡಿಎಂಐ ಎರಡು ಇದ್ದರೆ ಒಂದು, ಎರಡು ಎಂಬುದೂ ಮುಖ್ಯ. ಆಮೇಲೆ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀಲಿಯನ್ನು ಒತ್ತಿ ಹಿಡಿದು ಪಿ ಒತ್ತಿ. ನಾಲ್ಕು ಆಯ್ಕೆ ಬರುತ್ತವೆ. ಎರಡೂ ಕಡೆ ಒಂದೇ ಚಿತ್ರ ಬೇಕಾದರೆ ಡೂಪ್ಲಿಕೇಟ್. ‘ಪಿಸಿ ಸ್ಕ್ರೀನ್ ಓನ್ಲಿ’ ಎಂಬುದು ಆಯ್ಕೆಯಾಗಿ ಉಳಿದಿದ್ದರೆ ಎಂಥ ಒಳ್ಳೆಯ ಕೇಬಲ್ ಇದ್ದರೂ ಗೋಡೆ ಖಾಲಿ. ನಿಮ್ಮ ಯಂತ್ರದ ಸಹಜ ರೆಸಲ್ಯೂಷನ್ 1024×768. ಅಕ್ಷರ ಮಸುಕಾಗಿ ಕಂಡರೆ ಅದೇ ಪಟ್ಟಿಯಲ್ಲಿ ಎಕ್ಸ್‌ಟೆಂಡ್ ಆಯ್ಕೆ ಮಾಡಿ, ಪ್ರೊಜೆಕ್ಟರಿಗೆ ಅದೇ ಅಳತೆ ಕೊಡಿ.

ಚಿತ್ರ ಬಂದು ಬಂದು ಹೋಗುತ್ತಿದ್ದರೆ ಕೇಬಲ್ ಉದ್ದ ಕೇಳಬೇಕು. ಸಾಧಾರಣ ತಾಮ್ರದ ಎಚ್‌ಡಿಎಂಐ ಕೇಬಲ್ ಹತ್ತು ಮೀಟರ್ ದಾಟಿದರೆ ನಂಬಿಕೆಗೆ ಅರ್ಹವಲ್ಲ. ಹೆಚ್ಚು ಉದ್ದ ಬೇಕಾದವರು ಆಪ್ಟಿಕಲ್ ಕೇಬಲ್ ಹಾಕಿಸುತ್ತಾರೆ. ಅದಕ್ಕೆ ತಲೆ ಬೇರೆ, ಬಾಲ ಬೇರೆ. ‘ಸೋರ್ಸ್’ ಎಂದಿರುವ ತುದಿ ಲ್ಯಾಪ್‌ಟಾಪಿಗೆ, ‘ಡಿಸ್‌ಪ್ಲೇ’ ಎಂದಿರುವ ತುದಿ ಪ್ರೊಜೆಕ್ಟರಿಗೆ. ತಿರುವುಮುರುವಾಗಿ ಗೋಡೆಯೊಳಗೆ ಹೂತುಬಿಟ್ಟರೆ ಮತ್ತೆ ಅಗೆಯಬೇಕಾಗುತ್ತದೆ.

ಮೊಬೈಲ್ ಜೋಡಿಸುವವರಿಗೂ ಒಂದು ಸೂಚನೆ. ಟೈಪ್ ಸಿ ರಂಧ್ರ ಇದ್ದ ಮಾತ್ರಕ್ಕೆ ಚಿತ್ರ ಹೊರಬರುವುದಿಲ್ಲ. ಕಡಿಮೆ ಬೆಲೆಯ ಹೆಚ್ಚಿನ ಫೋನುಗಳಲ್ಲಿ ಆ ರಂಧ್ರ ಚಾರ್ಜಿಗೆ ಮತ್ತು ಕಡತ ವರ್ಗಾವಣೆಗೆ ಮಾತ್ರ. ಅಡಾಪ್ಟರ್ ಕೊಳ್ಳುವ ಮೊದಲು ವಿಚಾರಿಸಿ.

ಶಿರಸಿಯ ನಾಟಕ ತಂಡದವರು

ಧ್ವನಿಯ ವಿಷಯವನ್ನೂ ಸೇರಿಸುತ್ತೇನೆ. ಎಚ್‌ಡಿಎಂಐ ಜೋಡಿಸಿದ ಕೂಡಲೇ ಲ್ಯಾಪ್‌ಟಾಪಿನ ಸದ್ದು ಪ್ರೊಜೆಕ್ಟರಿನ ಪುಟ್ಟ ಸ್ಪೀಕರಿಗೆ ಹೊರಟುಹೋಗುತ್ತದೆ. ನಿಮ್ಮ ದೊಡ್ಡ ಸ್ಪೀಕರ್ ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದರೆ ಅದು ಮೌನ. ಪರದೆಯ ಕೆಳಗಿನ ಸ್ಪೀಕರ್ ಚಿಹ್ನೆ ಒತ್ತಿ, ಸದ್ದು ಎಲ್ಲಿಗೆ ಹೋಗಬೇಕೆಂದು ಆರಿಸಿ. ವಿಜಿಎ ಕೇಬಲ್‌ನಲ್ಲಿ ಧ್ವನಿ ಹೋಗುವುದೇ ಇಲ್ಲ.

ಇನ್ನು ನಿಮ್ಮ ಕರೆಂಟಿನ ಸಮಸ್ಯೆಗೆ ಒಂದು ಸ್ಟೆಬಿಲೈಸರ್ ತಂದುಬಿಡಿ. ನಮ್ಮ ಕಡೆ ವೋಲ್ಟೇಜ್ ಇಳಿದರೆ ಟ್ಯೂಬ್‌ಲೈಟ್ ಕೂಡ ಹತ್ತುವುದಿಲ್ಲ.

ಹಾಸನದ ರಿಪೇರಿಯವನು

ಸ್ಟೆಬಿಲೈಸರ್ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಯಂತ್ರದ ಹಿಂದಿನ ಚೀಟಿ ಓದಿ. ಈಗಿನ ಪ್ರೊಜೆಕ್ಟರುಗಳಲ್ಲಿ 100ರಿಂದ 240 ವೋಲ್ಟ್ ಎಂದೇ ಇರುತ್ತದೆ. 160ಕ್ಕೆ ಇಳಿದರೂ ಅದು ನಡೆಯುತ್ತದೆ. ಅದಕ್ಕೆ ಕಷ್ಟವಾಗುವುದು ಕರೆಂಟ್ ಥಟ್ಟನೆ ಹೋದಾಗ. ಬಲ್ಬ್ ಕಾದು ಕೆಂಪಾಗಿರುವಾಗ ಫ್ಯಾನ್ ನಿಂತುಬಿಡುತ್ತದೆ. ಈ ಬಲ್ಬಿನೊಳಗೆ ಪಾದರಸದ ಆವಿ ವಾತಾವರಣದ ಒತ್ತಡದ 200 ಪಟ್ಟಿನಷ್ಟು ಒತ್ತಡದಲ್ಲಿರುತ್ತದೆ. ಬಿಸಿಯಿದ್ದಾಗ ಅದು ಮತ್ತೆ ಹೊತ್ತಿಕೊಳ್ಳುವುದಿಲ್ಲ. ಕರೆಂಟ್ ಬಂದ ಕೂಡಲೇ ಮೇಲಿಂದ ಮೇಲೆ ಗುಂಡಿ ಒತ್ತಬಾರದು. ಕೆಲವು ನಿಮಿಷ ತಣಿಯಲು ಬಿಡಬೇಕು.

ಆದ್ದರಿಂದ ದುಡ್ಡು ಹಾಕುವುದಾದರೆ ಯುಪಿಎಸ್‌ಗೆ ಹಾಕಿ. ಪಾಠ ಪೂರ್ತಿ ನಡೆಸುವಷ್ಟು ದೊಡ್ಡದು ಬೇಡ. ಕ್ರಮವಾಗಿ ಆರಿಸಿ ಫ್ಯಾನ್ ನಿಲ್ಲುವವರೆಗೆ ತಡೆದರೆ ಸಾಕು. ಯಂತ್ರ ಒಟ್ಟು 300 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳಿ, ಕಂಪ್ಯೂಟರಿಗೂ ಅದೇ ಯುಪಿಎಸ್ ಹಂಚಬೇಡಿ.

ಇಷ್ಟು ಬರೆದವನು ಮುಖ್ಯವಾದದ್ದಕ್ಕೆ ಬರುತ್ತೇನೆ. ಬೆರಳಿಗೆ ಜುಮ್ಮೆನ್ನುತ್ತದೆ ಎಂದಿರಲ್ಲ ಮೇಡಂ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ ಅರ್ಥಿಂಗ್. ಬೋರ್ಡಿನ ಹಿಂದೆ ಆ ತಂತಿಯನ್ನು ಜೋಡಿಸದೆ ಬಿಟ್ಟ ಕಟ್ಟಡಗಳು ಎಷ್ಟೋ ಇವೆ. ಆಗ ಒಳಗಿನ ಪವರ್ ಸಪ್ಲೈಯ ಕೆಪಾಸಿಟರುಗಳ ಮೂಲಕ ಯಂತ್ರದ ಲೋಹದ ಭಾಗಕ್ಕೆ ಅರ್ಧ ಮೇನ್ಸ್ ವೋಲ್ಟೇಜ್, ಅಂದರೆ 110ರ ಆಸುಪಾಸು, ತೇಲಿಬರುತ್ತದೆ. ಕರೆಂಟ್ ತೀರಾ ಕಡಿಮೆ, ಆದ್ದರಿಂದ ಜುಮ್ಮೆನ್ನುತ್ತದೆ ಅಷ್ಟೇ. ಆದರೆ ಎಚ್‌ಡಿಎಂಐ ಸಿಕ್ಕಿಸುವ ಗಳಿಗೆಯಲ್ಲಿ ಅದು ಲ್ಯಾಪ್‌ಟಾಪಿನ ಸೂಕ್ಷ್ಮ ಚಿಪ್ಪಿನ ಮೂಲಕ ಹರಿದರೆ ಆ ರಂಧ್ರ ಸತ್ತಂತೆ. ನಿಮ್ಮ ‘ನೋ ಸಿಗ್ನಲ್’ಗೂ ಇದಕ್ಕೂ ಸಂಬಂಧ ಇರಬಹುದು. ಇನ್ನೊಂದು ಅಪಾಯವೂ ಇದೆ. ಒಳಗೆ ನಿಜವಾಗಿಯೂ ಫೇಸ್ ತಂತಿ ಸೋರುತ್ತಿದ್ದರೂ ಆರಂಭದಲ್ಲಿ ಬೆರಳಿಗೆ ಇದೇ ಅನುಭವವಾಗಬಹುದು. ಮಕ್ಕಳು ಮುಟ್ಟುವ ಯಂತ್ರ ಅದು. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಬಂದು ಬೋರ್ಡ್ ಬಿಚ್ಚಿ ನೋಡುವವರೆಗೆ ಯಾರೂ ಜೋಡಿಸುವುದು ಬೇಡ. ಶಾಲೆಯ ಅರ್ಥ್ ಗುಂಡಿ ಎಲ್ಲಿದೆ ಎಂದು ಹುಡುಕಿಸಿ. ಉಪ್ಪು ಇದ್ದಿಲು ತುಂಬಿದ ಹಳೆಯ ಗುಂಡಿಯಾದರೆ ಬೇಸಿಗೆಯಲ್ಲಿ ಒಣಗಿರುತ್ತದೆ, ನೀರು ಹಾಕುತ್ತಿರಬೇಕು.

ಅರ್ಥಿಂಗ್ ಸರಿಯಾದ ಮೇಲೂ ಎರಡೂ ಯಂತ್ರ ಆರಿರುವಾಗಲೇ ಕೇಬಲ್ ಜೋಡಿಸುವ ರೂಢಿ ಒಳ್ಳೆಯದು. ಏಪ್ರಿಲ್ ಮೇ ತಿಂಗಳ ಸಿಡಿಲಿನ ಮಳೆಯಲ್ಲಿ ಪ್ಲಗ್ ಮಾತ್ರವಲ್ಲ, ಎಚ್‌ಡಿಎಂಐ ಕೇಬಲನ್ನೂ ಕಿತ್ತಿಡಿ.

ಶಿರಸಿಯ ನಾಟಕ ತಂಡದವರು

ಚೀಟಿ ನೋಡಿದೆ, 100–240 ಎಂದೇ ಇದೆ. ಹಾಗಾದರೆ ಸ್ಟೆಬಿಲೈಸರ್ ಮಾತು ಹಿಂದಕ್ಕೆ ಪಡೆಯುತ್ತೇನೆ. ನಮ್ಮ ಇನ್ವರ್ಟರ್ ಮೇಲೆ ಓಡಿಸಬಹುದೇ?

ಹಾಸನದ ರಿಪೇರಿಯವನು

ಸೈನ್ ವೇವ್ ಇನ್ವರ್ಟರ್ ಆದರೆ ಧಾರಾಳವಾಗಿ. ಸ್ಕ್ವೇರ್ ವೇವ್ ಆದರೆ ಬೇಡ, ಪವರ್ ಸಪ್ಲೈ ಬಿಸಿಯಾಗುತ್ತದೆ, ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದೂ ಸೇರುತ್ತದೆ.

ಬಳ್ಳಾರಿಯ ಗ್ರಂಥಾಲಯದಿಂದ

ನಮ್ಮದು ಡಿಎಲ್‌ಪಿ ಯಂತ್ರ. ಫಿಲ್ಟರ್ ಶುಚಿ ಮಾಡುತ್ತೇವೆ, ಬಿಸಿಯ ತೊಂದರೆ ಇಲ್ಲ. ಆದರೆ ಚಿತ್ರದ ತುಂಬ ಸಣ್ಣ ಬಿಳಿ ಚುಕ್ಕೆಗಳು. ಮೊದಲು ಒಂದೆರಡು ಇದ್ದವು, ಈಗ ನಕ್ಷತ್ರ ಚೆಲ್ಲಿದಂತಿದೆ. ಇದೂ ಧೂಳೇ?

ಹಾಸನದ ರಿಪೇರಿಯವನು

ಅಲ್ಲ. ಡಿಎಲ್‌ಪಿ ಯಂತ್ರದ ಹೃದಯದಲ್ಲಿ ಕನ್ನಡಿಗಳ ಚಿಪ್ ಇರುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಕಂಡುಹಿಡಿದದ್ದು. ಲಕ್ಷಾಂತರ ಪುಟ್ಟ ಕನ್ನಡಿಗಳು ಕೆಲವು ಡಿಗ್ರಿ ಈಚೆ, ಆಚೆ ವಾಲುತ್ತವೆ. ಈಚೆ ವಾಲಿದರೆ ಬೆಳಕು ಲೆನ್ಸಿಗೆ, ಆಚೆ ವಾಲಿದರೆ ಒಳಗಿನ ಕಪ್ಪು ಗೋಡೆಗೆ. ಬಿಳಿ ಚುಕ್ಕೆ ಎಂದರೆ ಕನ್ನಡಿ ಬೆಳಕಿನ ಕಡೆ ವಾಲಿ ಅಂಟಿಕೊಂಡಿದೆ. ಒಂದಾದ ಮೇಲೊಂದು ಹೆಚ್ಚುತ್ತವೆ. ಶುಚಿ ಮಾಡಿ ಪ್ರಯೋಜನವಿಲ್ಲ, ಚಿಪ್ಪನ್ನೇ ಬದಲಿಸಬೇಕು. ಕೆಲವು ಮಾದರಿಗಳಿಗೆ ಚಿಪ್ ಬಿಡಿಯಾಗಿ ಸಿಗುತ್ತದೆ. ಹಾಕಿಸುವಾಗ ಚಿಪ್ಪಿನ ಬೆನ್ನಿಗೆ ಹೊಸ ಹೀಟ್‌ಸಿಂಕ್ ಪೇಸ್ಟ್ ಹಚ್ಚಿಸಿ, ಹಳೆಯದು ಒಣಗಿದ್ದರೆ ಹೊಸ ಚಿಪ್ಪೂ ಅದೇ ದಾರಿ ಹಿಡಿಯುತ್ತದೆ.

ತೀರ್ಥಹಳ್ಳಿ ಟೀಚರ್

ಎಲ್ಲರಿಗೂ ಕೃತಜ್ಞತೆ. ನಡೆದದ್ದನ್ನು ಬರೆಯುತ್ತೇನೆ.

ಎಲೆಕ್ಟ್ರಿಷಿಯನ್ ಬಂದು ಬೋರ್ಡ್ ಬಿಚ್ಚಿದರು. ಹಸಿರು ತಂತಿ ಗೋಡೆಯೊಳಗಿನಿಂದ ಬಂದು, ತುದಿಗೆ ಟೇಪು ಸುತ್ತಿಸಿಕೊಂಡು, ಯಾವುದಕ್ಕೂ ಸೇರದೆ ಮಡಚಿ ಕುಳಿತಿತ್ತು. ಜೋಡಿಸಿದ ಮೇಲೆ ಜುಮ್ಮೆನ್ನುವುದು ಪೂರ್ತಿ ನಿಂತಿದೆ. ಅದೇ ಕಟ್ಟಡದ ಉಳಿದ ಬೋರ್ಡುಗಳನ್ನೂ ನೋಡಲು ಮುಖ್ಯೋಪಾಧ್ಯಾಯರು ಹೇಳಿದ್ದಾರೆ.

ಫಿಲ್ಟರ್ ತೆಗೆದಾಗ ಅದರ ಬಣ್ಣ ಯಾವುದೆಂದು ತಿಳಿಯದಷ್ಟು ಸೀಮೆಸುಣ್ಣ ಕುಳಿತಿತ್ತು. ತಟ್ಟಿದರೆ ಹಪ್ಪಳೆ ಹಪ್ಪಳೆಯಾಗಿ ಉದುರಿತು. ಮೂಲೆಯಲ್ಲಿ ಹರಿದಿದ್ದರಿಂದ ಹೊಸದು ತರಿಸಿದೆವು. ಪೆಟ್ಟಿಗೆಯ ಎರಡು ಬದಿಗೆ ಜಾಲರಿ ಹಾಕಿಸಿದೆವು. ಯಂತ್ರ ಈಗ ಎರಡು ಪೀರಿಯಡ್ ಒಟ್ಟಿಗೆ ಓಡಿದರೂ ಆರುವುದಿಲ್ಲ. ಚಿತ್ರವನ್ನು ಆರು ಅಡಿಗೆ ಇಳಿಸಿ, ಕಿಟಕಿಗಳಿಗೆ ಕಡುನೀಲಿ ಬಟ್ಟೆ ಕಟ್ಟಿದೆವು. ಲುಮೆನ್ ಲೆಕ್ಕವನ್ನು ಮಕ್ಕಳೇ ಕಪ್ಪುಹಲಗೆಯ ಮೇಲೆ ಮಾಡಿದರು, ಮೊಬೈಲಿನ ಬೆಳಕಿನ ಸೆನ್ಸರ್ ಹಿಡಿದು ಗೋಡೆಯನ್ನು ಅಳೆದರು.

ಉಳಿದದ್ದು ಹಳದಿ ಕಲೆ. ಜೊತೆಗೆ, ಮೇಜು ತಗ್ಗಾದ್ದರಿಂದ ಯಂತ್ರದ ಮುಂಭಾಗ ಎತ್ತಿ, ಓರೆಯಾದ ಚಿತ್ರವನ್ನು ನೇರ ಮಾಡುವ ಕೀಸ್ಟೋನ್ ಹಾಕಿದ್ದೇವೆ, ಸಣ್ಣ ಅಕ್ಷರಗಳು ಹರಿದಂತೆ ಕಾಣುತ್ತವೆ.

ಹಾಸನದ ರಿಪೇರಿಯವನು

ಬಹಳ ಸಂತೋಷವಾಯಿತು, ಅದರಲ್ಲೂ ಆ ಹಸಿರು ತಂತಿಯ ಸುದ್ದಿ ಕೇಳಿ.

ಕೀಸ್ಟೋನನ್ನು ಸೊನ್ನೆಗೆ ತನ್ನಿ. ಅದು ಚಿತ್ರದ ಪಿಕ್ಸೆಲುಗಳನ್ನೇ ಕುಗ್ಗಿಸಿ ಆಕಾರ ಸರಿಪಡಿಸುತ್ತದೆ, ನಿಮ್ಮ ಯಂತ್ರದಲ್ಲಿ ಇರುವುದೇ 768 ಸಾಲು. ಯಂತ್ರವನ್ನು ಎತ್ತರಕ್ಕೇರಿಸಿ, ಸಮತಟ್ಟಾಗಿ ಕೂರಿಸಿ. ಮೇಜಿನ ಮೇಲೆ ಇಡುವ ಹೆಚ್ಚಿನ ಯಂತ್ರಗಳಲ್ಲಿ ಚಿತ್ರದ ಕೆಳ ಅಂಚು ಲೆನ್ಸಿನ ಮಟ್ಟದ ಆಸುಪಾಸಿನಲ್ಲಿ ಬೀಳುತ್ತದೆ. ಮೇಜಿನ ಮೇಲೆ ಗಟ್ಟಿಯಾದ ಪೀಠ ಇಟ್ಟರೆ ಸಾಕಾದೀತು.

ಹಳದಿ ಕಲೆಗೆ ಒಂದು ಪರೀಕ್ಷೆ ಮಾಡಿ. ಪರದೆ ತುಂಬ ಬರೀ ನೀಲಿ ಬಣ್ಣ ತೋರಿಸಿ, ಆಮೇಲೆ ಬರೀ ಕೆಂಪು, ಬರೀ ಹಸಿರು. ಫೋಕಸ್ ತಿರುಗಿಸಿಯೂ ನೋಡಿ.

ತೀರ್ಥಹಳ್ಳಿ ಟೀಚರ್

ನೀಲಿಯಲ್ಲಿ ಮಾತ್ರ ಆ ಮೂಲೆ ಕಪ್ಪಾಗಿ ಕಾಣುತ್ತದೆ. ಕೆಂಪು, ಹಸಿರಿನಲ್ಲಿ ಕಲೆ ಇಲ್ಲ. ಫೋಕಸ್ ಹೇಗೆ ತಿರುಗಿಸಿದರೂ ಕಲೆಗೆ ಅಂಚು ಮೂಡುವುದಿಲ್ಲ.

ಹಾಸನದ ರಿಪೇರಿಯವನು

ಹಾಗಾದರೆ ಧೂಳಲ್ಲ. ಒಳಗಿನ ಧೂಳಿನ ಕಣವಾಗಿದ್ದರೆ ಫೋಕಸ್ ತಿರುಗಿಸುವಾಗ ಒಂದು ಹಂತದಲ್ಲಿ ಅದರ ಆಕಾರ ಸ್ಪಷ್ಟವಾಗುತ್ತದೆ. ಹೊರಗಿನ ಲೆನ್ಸಿನ ಮೇಲಿನ ಧೂಳಂತೂ ಚುಕ್ಕೆಯಾಗಿ ಕಾಣುವುದೇ ಇಲ್ಲ, ಚಿತ್ರವನ್ನು ಒಟ್ಟಾರೆ ಮಬ್ಬು ಮಾಡುತ್ತದೆ. ನಿಮ್ಮದು ನೀಲಿ ದಾರಿಯ ಪೋಲರೈಸರ್ ಎಂಬ ತೆಳುಪೊರೆ ಸುಟ್ಟಿರುವುದು. ಮೂರು ಎಲ್‌ಸಿಡಿ ಯಂತ್ರ ಬೆಳಕನ್ನು ಕೆಂಪು, ಹಸಿರು, ನೀಲಿಯಾಗಿ ಸೀಳಿ ಮೂರು ಪುಟ್ಟ ಫಲಕಗಳ ಮೂಲಕ ಹಾಯಿಸಿ, ಪ್ರಿಸಮ್ಮಿನಲ್ಲಿ ಮತ್ತೆ ಕೂಡಿಸುತ್ತದೆ. ನೀಲಿ ಬೆಳಕಿನ ಶಕ್ತಿ ಹೆಚ್ಚು, ಅದರ ದಾರಿಯ ತೆಳುಪೊರೆ ಬಿಸಿಗೆ ಮೊದಲು ಸೋಲುತ್ತದೆ. ಬಿಳಿಯಿಂದ ನೀಲಿ ಕಳೆದರೆ ಉಳಿಯುವುದು ಹಳದಿ. ಪೆಟ್ಟಿಗೆಯೊಳಗೆ ಬೆಂದದ್ದರ ಗುರುತು ಅದು.

ಪೊರೆಯನ್ನು ಬದಲಿಸಬಹುದು, ಆದರೆ ಬಿಚ್ಚಿದಾಗ ಒಳಗಿನ ಎಲ್‌ಸಿಡಿ ಫಲಕವೂ ಕೆಟ್ಟಿದೆ ಎಂದಾದರೆ ಖರ್ಚು ಯಂತ್ರದ ಬೆಲೆಗೆ ತಕ್ಕುದಲ್ಲ. ಕಲೆ ಹರಡದಿದ್ದರೆ ಹಾಗೆಯೇ ಬಳಸಿ ಎಂದೇ ನನ್ನ ಸಲಹೆ. ಬಲ್ಬನ್ನು ಮಂದವಾಗಿ ಉರಿಸುವ ಎಕೋ ಮೋಡಿನಲ್ಲಿ ಓಡಿಸಿ, ಕತ್ತಲೆ ಮಾಡಿಕೊಂಡಿದ್ದೀರಾದ್ದರಿಂದ ಬೆಳಕು ಸಾಲುತ್ತದೆ, ಬಲ್ಬಿನ ಆಯುಸ್ಸೂ ಹೆಚ್ಚುತ್ತದೆ.

ಬಲ್ಬ್ ಒಂದು ದಿನ ಮುಗಿಯುತ್ತದೆ. ಆಗ ಯಾರಾದರೂ ಅರ್ಧ ಬೆಲೆಗೆ ನಕಲಿ ಬಲ್ಬ್ ತೋರಿಸುತ್ತಾರೆ. ಪ್ರತಿಫಲಕ ಸರಿ ಕೂರದೆ ಬೆಳಕು ಅಡ್ಡಾದಿಡ್ಡಿ ಬೀಳುವುದು, ಬೇಗ ಒಡೆಯುವುದು ಇವುಗಳಲ್ಲಿ ಸಾಮಾನ್ಯ. ಹಾಕುವಾಗ ಗಾಜನ್ನು ಬೆರಳಿನಿಂದ ಮುಟ್ಟಬಾರದು. ಮುಚ್ಚಳ ಪೂರ್ತಿ ಕೂರದಿದ್ದರೆ ಸುರಕ್ಷತಾ ಸ್ವಿಚ್ ಯಂತ್ರವನ್ನು ಹತ್ತಲು ಬಿಡುವುದಿಲ್ಲ. ಹಾಕಿದ ಮೇಲೆ ಲ್ಯಾಂಪ್ ಗಂಟೆಯನ್ನು ಸೊನ್ನೆ ಮಾಡಿ. ಓಡುವಾಗ ಪಟ್ಟನೆ ಒಡೆದರೆ ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿ ತೆರೆಯಿರಿ, ಒಳಗಿರುವುದು ಪಾದರಸ. ಹಳೆಯ ಬಲ್ಬನ್ನು ಕಸದ ಗುಂಡಿಗೆ ಎಸೆಯದೆ ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ.

ಧಾರವಾಡದ ಭೌತಶಾಸ್ತ್ರ ಉಪನ್ಯಾಸಕ

ಮುಂದೆ ಹೊಸ ಯಂತ್ರ ಕೊಳ್ಳುವ ಪ್ರಸಂಗ ಬಂದರೆ ಲೇಸರ್ ಬೆಳಕಿನದನ್ನು ನೋಡಿ. ಬೆಳಕು ಅರ್ಧಕ್ಕೆ ಇಳಿಯಲು 20,000 ಗಂಟೆ ಎಂದು ತಯಾರಕರು ಹೇಳುತ್ತಾರೆ, ಬಲ್ಬ್ ಬದಲಿಸುವ ಮಾತಿಲ್ಲ. ಆನ್‌ಲೈನಿನಲ್ಲಿ ಐದಾರು ಸಾವಿರಕ್ಕೆ ‘9000 ಲುಮೆನ್’ ಎಂದು ಮಾರುವ ಅಂಗೈಯಗಲದ ಪೆಟ್ಟಿಗೆಗಳನ್ನು ನಂಬಬೇಡಿ. ನಿಗದಿತ ಮಾನದಂಡದಂತೆ ಅಳೆದ ಅನ್ಸಿ ಲುಮೆನ್ ಅಥವಾ ಐಎಸ್‌ಒ ಲುಮೆನ್ ಎಂದು ಸ್ಪಷ್ಟವಾಗಿ ಬರೆದಿರಬೇಕು.

ತೀರ್ಥಹಳ್ಳಿ ಟೀಚರ್

ಕೊನೆಯದಾಗಿ ಒಂದು ಸಂದೇಹ. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಯಂತ್ರ ಸುಮ್ಮನಿರುತ್ತದೆ. ಶಾಲೆ ತೆರೆಯುವಷ್ಟರಲ್ಲಿ ನಮ್ಮಲ್ಲಿ ಮಳೆ ಹಿಡಿದಿರುತ್ತದೆ, ಬೀರುವಿನ ಪುಸ್ತಕಗಳಿಗೇ ಬೂಷ್ಟು ಬರುತ್ತದೆ. ಹೇಗೆ ಇಡಬೇಕು?

ಹಾಸನದ ರಿಪೇರಿಯವನು

ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ, ಹಿಡಿದರೆ ಬಿಡಿಸುವುದು ಕಷ್ಟ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಬಣ್ಣ ಬದಲಿಸುವ ಜಾತಿಯ ಜೆಲ್ ತಂದರೆ ತೇವ ಹೀರಿ ತುಂಬಿದಾಗ ತಿಳಿಯುತ್ತದೆ. ಡಬ್ಬಕ್ಕೆ ಹಾಕುವ ಮೊದಲು ಯಂತ್ರ ಪೂರ್ತಿ ತಣಿದಿರಬೇಕು. ರಿಮೋಟಿನ ಸೆಲ್ ತೆಗೆದಿಡಿ, ಸೋರಿದರೆ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಪಾಠ ಇರಲಿ ಬಿಡಲಿ ವಾರಕ್ಕೊಮ್ಮೆ ಒಂದು ಗಂಟೆ ಓಡಿಸಿ, ಒಳಗಿನ ತೇವ ಆ ಬಿಸಿಗೆ ಹೋಗುತ್ತದೆ. ಜೂನ್ ಜುಲೈ ಸಂಜೆಗಳಲ್ಲಿ ದೀಪಕ್ಕೆ ಮುತ್ತುವ ಹುಳುಗಳು ಗಾಳಿಕಿಂಡಿಯಲ್ಲಿ ಸೇರಿಕೊಳ್ಳುತ್ತವೆ, ಆ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೆಗೆದು ನೋಡಿ. ಉಳಿದ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ಸಾಕು.